ಅಂಗಡಿಗೆ ಕಾರ್ಡ್ ಮಷಿನ್ ಹಾಕಿಸಬೇಕೇ, ‘ಕ್ಯಾಶ್ ಕೊಡಿ’ ಅನ್ನಬೇಕೇ? ಎರಡರ ಖರ್ಚೂ ಲೆಕ್ಕ ಹಾಕೋಣ

ತುಮಕೂರು_ದಿನಸಿ

ವರ್ಷಕ್ಕೆ ಸುಮಾರು 30 ಲಕ್ಷ ವಹಿವಾಟಿನ ದಿನಸಿ ಅಂಗಡಿ. ಸದ್ಯ ನಗದು ಮತ್ತು ಯುಪಿಐ ಮಾತ್ರ ಇದೆ. ಕಾರ್ಡ್ ಮಷಿನ್‌ನವರು ಹೇಳಿರುವ ದರ: ಬಾಡಿಗೆ ತಿಂಗಳಿಗೆ 400 ರೂ., ಡೆಬಿಟ್ ಕಾರ್ಡಿಗೆ 0.9%, ಕ್ರೆಡಿಟ್ ಕಾರ್ಡಿಗೆ 1.8%, ‘ಎಲ್ಲದರ ಮೇಲೂ ಜಿಎಸ್‌ಟಿ’. ತಿಂಗಳಿಗೆ 40,000 ರೂ. ಕಾರ್ಡ್ ವ್ಯಾಪಾರ ಆಗಬಹುದೆಂದು ಅಂದಾಜು. ಜಿಎಸ್‌ಟಿ ನೋಂದಣಿ ಇಲ್ಲ. ಮಷಿನ್ ತಗೊಂಡರೆ ಗಿಟ್ಟುತ್ತದೆಯೇ?

ಲೆಕ್ಕದ_ಪುಸ್ತಕ

ಮೊದಲು ಅವರು ಕೊಟ್ಟ ದರಪಟ್ಟಿಯನ್ನೇ ತಿದ್ದಬೇಕು. ಅದರಲ್ಲಿ ಮೂರು ವಿಷಯ ಗಮನಿಸಬೇಕು.

ಡೆಬಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕ್ 2018ರ ಜನವರಿ 1ರಿಂದ ಗರಿಷ್ಠ ಮಿತಿ ಹಾಕಿದೆ. ಹಿಂದಿನ ವರ್ಷದ ವಹಿವಾಟು 20 ಲಕ್ಷದೊಳಗಿದ್ದ ಅಂಗಡಿಗೆ ಮಷಿನ್‌ನಲ್ಲಿ 0.40%, ಒಂದು ಬಿಲ್ಲಿಗೆ 200 ರೂ. ಮೀರುವಂತಿಲ್ಲ. 20 ಲಕ್ಷ ದಾಟಿದವರಿಗೆ 0.90%, ಬಿಲ್ಲಿಗೆ 1,000 ರೂ. ಮೀರುವಂತಿಲ್ಲ. ನಿಮಗೆ ಹೇಳಿರುವ 0.9% ಕಾನೂನು ಬಿಡುವ ಮೇಲಿನ ತುದಿ. ಅದಕ್ಕಿಂತ ಕಡಿಮೆಗೆ ಚೌಕಾಸಿ ಮಾಡಲು ಜಾಗವಿದೆ.

ಎರಡನೆಯದು, ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿ 1ರಿಂದ ವ್ಯಾಪಾರಿ ಶುಲ್ಕವೇ ಇಲ್ಲ, ಸೊನ್ನೆ. ದರಪಟ್ಟಿಯಲ್ಲಿ ರುಪೇ ಡೆಬಿಟ್‌ಗೆ ಬೇರೆ ಸಾಲು ಇಲ್ಲದಿದ್ದರೆ ಸಹಿ ಹಾಕುವ ಮುನ್ನ ಬರೆಸಿಕೊಳ್ಳಿ.

ಮೂರನೆಯದು, ‘ಎಲ್ಲದರ ಮೇಲೂ ಜಿಎಸ್‌ಟಿ’ ಅನ್ನುವುದು. ಒಂದೇ ವ್ಯವಹಾರದಲ್ಲಿ 2,000 ರೂ.ವರೆಗಿನ ಕಾರ್ಡ್ ಪಾವತಿಯ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. 2,000 ದಾಟಿದ ಬಿಲ್ಲುಗಳ ಶುಲ್ಕಕ್ಕೆ ಮಾತ್ರ 18%. ಬಾಡಿಗೆಯ ಮೇಲಂತೂ 18% ಬಂದೇ ಬರುತ್ತದೆ. ನೋಂದಣಿ ಇಲ್ಲದ್ದರಿಂದ ಆ ತೆರಿಗೆ ನಿಮಗೆ ವಾಪಸ್ ಸಿಗದು, ಪೂರ್ತಿ ಖರ್ಚೇ.

ಈಗ ನಿಮ್ಮ 40,000ದ ಲೆಕ್ಕ. ಅದರಲ್ಲಿ ಕ್ರೆಡಿಟ್ 25,000, ರುಪೇ ಅಲ್ಲದ ಡೆಬಿಟ್ 10,000, ರುಪೇ ಡೆಬಿಟ್ 5,000 ಅಂದುಕೊಳ್ಳಿ. ಶುಲ್ಕ 450 + 90 + 0 = 540. ಅರ್ಧದಷ್ಟು ಬಿಲ್ಲುಗಳು 2,000 ದಾಟಿದವು ಅಂದರೆ ಜಿಎಸ್‌ಟಿ ಸುಮಾರು 49. ಬಾಡಿಗೆ ತೆರಿಗೆ ಸೇರಿ 472. ಒಟ್ಟು 1,061. ಅಂದರೆ 1.8% ಅಲ್ಲ, ನೂರಕ್ಕೆ 2 ರೂ. 65 ಪೈಸೆ ಬಿತ್ತು.

ವ್ಯಾಪಾರ ಅಂದಾಜಿನಷ್ಟು ಆಗದೆ 12,000ಕ್ಕೇ ನಿಂತರೆ? ಶುಲ್ಕ 162, ಜಿಎಸ್‌ಟಿ 15, ಬಾಡಿಗೆ ಅದೇ 472. ಒಟ್ಟು 649, ಅಂದರೆ 5.4%. ಸಕ್ಕರೆ, ಎಣ್ಣೆಯಲ್ಲಿ ನೂರಕ್ಕೆ ಎರಡು ಮೂರು ರೂಪಾಯಿ ಉಳಿಯುವ ಅಂಗಡಿಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುವ ಕಡುಬು. ಚಿಕ್ಕ ಅಂಗಡಿಯನ್ನು ಕೊಲ್ಲುವುದು ಶೇಕಡಾವಾರು ಶುಲ್ಕವಲ್ಲ, ಬಾಡಿಗೆ.

ಸ್ವೈಪ್_ರಿಪೇರಿ

ಮೇಲಿನ ಲೆಕ್ಕಕ್ಕೆ ಒಂದು ಪ್ರಶ್ನೆ ಸೇರಿಸಬೇಕು. ಆ 40,000ದಲ್ಲಿ ಹೊಸ ವ್ಯಾಪಾರ ಎಷ್ಟು? ಕಾರ್ಡ್ ಇಲ್ಲವೆಂದರೆ ಸುಮ್ಮನೆ ಯುಪಿಐ ಮಾಡುತ್ತಿದ್ದವರೇ 30,000ದಷ್ಟಿದ್ದರೆ, 1,061 ರೂ. ಕೊಟ್ಟು ಕೊಂಡುಕೊಂಡದ್ದು 10,000 ರೂ. ವ್ಯಾಪಾರ ಮಾತ್ರ. ಸರಾಸರಿ 8% ಉಳಿದರೂ ಅದರಲ್ಲಿ ಲಾಭ 800. ಅಂದರೆ ತಿಂಗಳಿಗೆ 261 ರೂ. ಕೈಬಿಟ್ಟಿತು.

ಮಷಿನ್ ಬೇಕೇ ಬೇಕೆಂದರೆ ಬಾಡಿಗೆ ಇಲ್ಲದ ದಾರಿ ನೋಡಿ. ಎನ್‌ಎಫ್‌ಸಿ (ಮುಟ್ಟಿಸಿದ ಕಾರ್ಡನ್ನು ಓದುವ ಸೌಲಭ್ಯ) ಇರುವ ಆಂಡ್ರಾಯ್ಡ್ ಫೋನನ್ನೇ ಮಷಿನ್ ಮಾಡುವ ಆ್ಯಪ್‌ಗಳನ್ನು ಬ್ಯಾಂಕುಗಳು ಕೊಡುತ್ತವೆ. ಗಿರಾಕಿ ಕಾರ್ಡನ್ನು ಫೋನಿನ ಬೆನ್ನಿಗೆ ಮುಟ್ಟಿಸಿದರೆ ಸಾಕು. 5,000 ರೂ.ವರೆಗೆ ಪಿನ್ ಬೇಡ. ಕಾಗದದ ಸ್ಲಿಪ್ ಬರುವುದಿಲ್ಲ, ಎಸ್‌ಎಂಎಸ್ ಹೋಗುತ್ತದೆ. ಮುಟ್ಟಿಸುವ ಸೌಲಭ್ಯ ಇಲ್ಲದ ಹಳೆಯ ಕಾರ್ಡುಗಳು ನಡೆಯುವುದಿಲ್ಲ, ಅದೊಂದೇ ಕೊರತೆ. ಬಾಡಿಗೆಯ 472 ಹೋದರೆ ಅದೇ 40,000ಕ್ಕೆ 589 ರೂ., ಅಂದರೆ 1.47%.

ಹುಬ್ಬಳ್ಳಿ_ಗಲ್ಲಾ

ಅಲ್ರೀ, ಇಷ್ಟೆಲ್ಲಾ ಲೆಕ್ಕ ಯಾಕ? ರೊಕ್ಕ ಕೈಗೆ ಬಂತು, ಗಲ್ಲಾಕ್ಕ ಹೋತು, ಮುಗೀತು. ಯಾರಿಗೂ ಒಂದ ಪೈಸೆ ಕೊಡೂದಿಲ್ಲ. ಬ್ಯಾಂಕಿನವ್ರಿಗೆ ನೂರಕ್ಕ ಎರಡು ಯಾಕ ಕೊಡಬೇಕು?

ಕೌಂಟರ್_3

ಗಲ್ಲಾ ಅವರೇ, ನಗದಿನ ಖರ್ಚಿಗೆ ಬಿಲ್ಲು ಬರುವುದಿಲ್ಲ. ಅದಕ್ಕೇ ಕಾಣುವುದಿಲ್ಲ, ಅಷ್ಟೇ. ಬ್ಯಾಂಕಿನ ಕೌಂಟರ್‌ನ ಈಚೆ ಬದಿಯಿಂದ ಹೇಳುತ್ತೇನೆ.

ತಿಂಗಳಿಗೆ 1,20,000 ರೂ. ನಗದು ವ್ಯಾಪಾರ ಇಟ್ಟುಕೊಳ್ಳಿ. ರಾತ್ರಿ ಎಣಿಸಿ, ನೋಟು ಬೇರ್ಪಡಿಸಿ, ಪುಸ್ತಕಕ್ಕೆ ತಾಳೆ ಹಾಕಲು ದಿನಕ್ಕೆ 20 ನಿಮಿಷ. ತಿಂಗಳಿಗೆ 10 ಗಂಟೆ. ಗಂಟೆಗೆ 60 ರೂ. ಕೂಲಿ ಹಿಡಿದರೂ 600. ತಿಂಗಳಿಗೆ ನಾಲ್ಕು ಸಲ ಬ್ಯಾಂಕಿಗೆ ಹೋಗಿ ಕಟ್ಟಲು ನಾಲ್ಕು ಗಂಟೆ, 240. ಪೆಟ್ರೋಲು 100. ಚಿಲ್ಲರೆ ಕೊಡುವಾಗ ಹೆಚ್ಚುಕಮ್ಮಿಯಾಗಿ ದಿನಕ್ಕೆ 10 ರೂ. ಕಡಿಮೆ ಬಿದ್ದರೆ 300. ಅಲ್ಲಿಗೆ 1,240. ಗಲ್ಲಾದಲ್ಲಿ ಸದಾ 15,000 ಕೂತಿದ್ದು, ಇನ್ನೊಂದು ಕಡೆ 12% ಬಡ್ಡಿಯ ಓಡಿ (ಓವರ್‌ಡ್ರಾಫ್ಟ್ ಸಾಲ) ಖಾತೆ ನಡೆಯುತ್ತಿದ್ದರೆ ತಿಂಗಳಿಗೆ 150 ರೂ. ಬಡ್ಡಿ. ಒಟ್ಟು 1,390. ನೂರಕ್ಕೆ 1 ರೂ. 16 ಪೈಸೆ.

ಇದರ ಮೇಲೆ, ಕರೆಂಟ್ ಖಾತೆಗೆ ತಿಂಗಳಿಗೆ ಇಷ್ಟು ನಗದು ಉಚಿತ ಎಂಬ ಮಿತಿ ಇರುತ್ತದೆ. ಅದನ್ನು ದಾಟಿದರೆ ಸಾವಿರಕ್ಕೆ ಇಷ್ಟು ಎಂದು ಶುಲ್ಕ. ಮಿತಿ ಬ್ಯಾಂಕಿನಿಂದ ಬ್ಯಾಂಕಿಗೆ, ಖಾತೆಯಿಂದ ಖಾತೆಗೆ ಬೇರೆ. ನಿಮ್ಮ ಶಾಖೆಯ ಶುಲ್ಕ ಪಟ್ಟಿಯಲ್ಲಿ ‘ನಗದು ನಿರ್ವಹಣೆ’ ಎಂಬ ಸಾಲು ಹುಡುಕಿ. ದೊಡ್ಡ ಮೊತ್ತದ ನಗದು ಕಟ್ಟಿದರೆ ಪ್ಯಾನ್ ಸಂಖ್ಯೆ ಕೇಳುತ್ತಾರೆ.

ಹುಬ್ಬಳ್ಳಿ_ಗಲ್ಲಾ

ಬ್ಯಾಂಕಿಗೆ ಹೋಗೂದ ಇಲ್ರೀ. ಹಾಲಿನವ್ರಿಗೆ, ಬ್ರೆಡ್ಡಿನವ್ರಿಗೆ, ಹೋಲ್‌ಸೇಲ್ ಅಂಗಡಿಗೆ ನಗದ ಕೊಟ್ಟಬಿಡೂದು. ನಿಮ್ಮ 340 ರೂಪಾಯಿ ಅಲ್ಲೇ ಹೋತಲ್ಲ!

ಲೆಕ್ಕದ_ಪುಸ್ತಕ

ಹೋಯಿತು, ಒಪ್ಪಿದೆ. ಆಗ 1,050 ರೂ., ಅಂದರೆ ಸುಮಾರು 0.88%. ಬಂದ ನಗದು ನಗದಾಗಿಯೇ ಹೊರಗೆ ಹೋಗುವ ಅಂಗಡಿಗೆ ನಗದು ಅಗ್ಗ. ಬಂದದ್ದನ್ನು ಬ್ಯಾಂಕಿಗೆ ಸೇರಿಸಿ, ಅಲ್ಲಿಂದ ಆರ್‌ಟಿಜಿಎಸ್ ಮಾಡಬೇಕಾದವರಿಗೆ ದುಬಾರಿ.

ಆದರೆ ಒಂದು ಎಚ್ಚರ. ಪೂರ್ಣ ಲೆಕ್ಕಪುಸ್ತಕ ಇಟ್ಟು ಆದಾಯ ತೆರಿಗೆ ಕಟ್ಟುವವರು ಒಬ್ಬರಿಗೆ ಒಂದು ದಿನದಲ್ಲಿ 10,000 ರೂ. ದಾಟಿ ನಗದು ಕೊಟ್ಟರೆ ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಲಾರಿ ಬಾಡಿಗೆಗೆ ಈ ಮಿತಿ 35,000. ಅಂದಾಜು ಲಾಭದ ಯೋಜನೆಯಲ್ಲಿರುವ (ವಹಿವಾಟಿನ ಇಂತಿಷ್ಟು ಪಾಲನ್ನೇ ಲಾಭವೆಂದು ತೋರಿಸುವ) ಚಿಕ್ಕ ವ್ಯಾಪಾರಿಗಳಿಗೆ ಇದರ ಬಿಸಿ ತಟ್ಟುವುದಿಲ್ಲ, ಏಕೆಂದರೆ ಅಲ್ಲಿ ಖರ್ಚನ್ನು ಬಿಡಿಬಿಡಿಯಾಗಿ ನೋಡುವುದೇ ಇಲ್ಲ. ಒಬ್ಬರಿಂದ ಒಂದೇ ದಿನ, ಅಥವಾ ಒಂದೇ ವ್ಯವಹಾರಕ್ಕೆ, 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದು ಮಾತ್ರ ಎಲ್ಲರಿಗೂ ನಿಷಿದ್ಧ. ಪಡೆದಷ್ಟೇ ದಂಡ. ದಂಡ ಪಡೆದವರಿಗೆ, ಕೊಟ್ಟವರಿಗಲ್ಲ.

ಅಂದಾಜು ಲಾಭದ ಯೋಜನೆಯಲ್ಲಿ ಇನ್ನೊಂದು ಭೇದವಿದೆ. ನಗದು ವಹಿವಾಟಿನ 8%, ಬ್ಯಾಂಕ್ ಮೂಲಕ ಬಂದದ್ದರ 6% ಲಾಭ ಎಂದು ಹಿಡಿಯುತ್ತಾರೆ. 30 ಲಕ್ಷಕ್ಕೆ 2,40,000 ಮತ್ತು 1,80,000. ‘ಡಿಜಿಟಲ್ ಆದರೆ ತೆರಿಗೆ ಉಳಿತಾಯ’ ಎಂದು ಮಷಿನ್ ಮಾರುವವರು ಇದನ್ನೇ ಹೇಳುತ್ತಾರೆ. ಆದರೆ ಬೇರೆ ಆದಾಯ ಇಲ್ಲದವರಿಗೆ ಎರಡೂ ತೆರಿಗೆಯ ಮಿತಿಯ ಕೆಳಗೇ ಇವೆ. ಉಳಿಯುವುದು ಸೊನ್ನೆ. ಕೋಟಿಗಳಲ್ಲಿ ವಹಿವಾಟು ಇದ್ದವರಿಗೆ ಇದು ನಿಜಕ್ಕೂ ಮುಖ್ಯ. ನಗದು 5% ಮೀರದಿದ್ದರೆ ಈ ಯೋಜನೆಯ ಮಿತಿ 2 ಕೋಟಿಯಿಂದ 3 ಕೋಟಿಗೆ ಏರುತ್ತದೆ.

ಬೇಕರಿ_ಹಾಸನ

ನಿಜವಾದ ಗುಪ್ತ ಖರ್ಚು ಜಿಎಸ್‌ಟಿ ನೋಟಿಸು, ಅದನ್ನು ಯಾರೂ ಹೇಳುತ್ತಿಲ್ಲವಲ್ಲ? 2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಚೀಟಿ ಅಂಟಿತು. ಕ್ಯೂಆರ್ ಕಿತ್ತುಹಾಕುವುದೇ ಕ್ಷೇಮ ಅಲ್ಲವೇ?

ಲೆಕ್ಕದ_ಪುಸ್ತಕ

ಅಲ್ಲ. ತೆರಿಗೆ ಬೀಳುವುದು ವಹಿವಾಟಿಗೆ, ದುಡ್ಡು ಬಂದ ದಾರಿಗಲ್ಲ. ನಗದಿನಲ್ಲಿ ಬಂದರೂ ಆ ವ್ಯಾಪಾರ ವಹಿವಾಟಿಗೆ ಸೇರುತ್ತದೆ. ಯುಪಿಐ ಮಾಡಿದ್ದು ಅದನ್ನು ಕಾಣುವಂತೆ ಮಾಡಿದ್ದಷ್ಟೇ. ಆ ತಿಂಗಳ ಗದ್ದಲದ ನಂತರ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆಯಲ್ಲಿ ಹೇಳಿದರು. ಮುಂದಿನ ವರ್ಷಗಳ ವಹಿವಾಟಿಗೆ ಅದು ಅನ್ವಯವಾಗುವುದಿಲ್ಲ.

ಬೇಕರಿಯವರು ಮತ್ತು ತುಮಕೂರಿನವರು ಇಬ್ಬರೂ ಇದನ್ನು ಗಮನಿಸಿ. ಜಿಎಸ್‌ಟಿ ನೋಂದಣಿಗೆ ವಾರ್ಷಿಕ ವಹಿವಾಟಿನ ಮಿತಿ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ಎಂದು ಎಲ್ಲರೂ ಹೇಳುತ್ತಾರೆ. ಆದರೆ 40 ಲಕ್ಷದ ಮಿತಿ ಸಿಗುವುದು ಸರಕನ್ನು ಮಾತ್ರ ಮಾರುವವರಿಗೆ. ಅದೇ ಅಂಗಡಿಯಲ್ಲಿ ಜೆರಾಕ್ಸ್ ಮಷಿನ್ ಇಟ್ಟರೆ, ಮೊಬೈಲ್ ರೀಚಾರ್ಜ್ ಕಮಿಷನ್ ಬಂದರೆ ಅದು ಸೇವೆ. ಆಗ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಬೇಕರಿಯಲ್ಲಿ ಟೀ ಕೊಟ್ಟು ಕೂರಿಸಿ ತಿಂಡಿ ಬಡಿಸಿದರೆ ಹೋಟೆಲ್ ಸೇವೆ, ಅದಕ್ಕೂ 20 ಲಕ್ಷ. ತುಮಕೂರಿನವರದು 30 ಲಕ್ಷ. ರೀಚಾರ್ಜ್ ಮಾಡುತ್ತಿದ್ದರೆ ಕಾರ್ಡ್ ಮಷಿನ್‌ಗಿಂತ ಮೊದಲು ಈ ಪ್ರಶ್ನೆ ಬಗೆಹರಿಸಿಕೊಳ್ಳಿ.

ಹಾಲು, ತಾಜಾ ತರಕಾರಿ, ಹಣ್ಣು ಮಾತ್ರ ಮಾರುವವರಿಗೆ ಎಷ್ಟೇ ವಹಿವಾಟಾದರೂ ನೋಂದಣಿ ಬೇಡ. ಅದರ ಜೊತೆ ಒಂದು ಡಬ್ಬಿ ಬಿಸ್ಕತ್ ಮಾರಿದರೂ ಹಾಲಿನ ವಹಿವಾಟೂ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ತೆರಿಗೆ ಮಾತ್ರ ಬಿಸ್ಕತ್ತಿಗೆ.

ನೋಂದಣಿ ಅಂದರೆ 18% ಕಟ್ಟಬೇಕೆಂಬ ಹೆದರಿಕೆಯೂ ಬೇಡ. ರಾಜಿ ತೆರಿಗೆ (ಕಾಂಪೋಸಿಷನ್) ಯೋಜನೆಯಲ್ಲಿ 1.5 ಕೋಟಿವರೆಗಿನ ವ್ಯಾಪಾರಿಗೆ ತೆರಿಗೆಯುಳ್ಳ ಸರಕಿನ ವಹಿವಾಟಿನ 1%, ಹೋಟೆಲಿಗೆ 5%. ಮೂರು ತಿಂಗಳಿಗೊಮ್ಮೆ ಕಟ್ಟಬೇಕು, ವರ್ಷಕ್ಕೊಂದು ರಿಟರ್ನ್ ಸಲ್ಲಿಸಬೇಕು. ಗಿರಾಕಿಯ ಬಿಲ್ಲಿನಲ್ಲಿ ತೆರಿಗೆ ಸೇರಿಸುವಂತಿಲ್ಲ, ಕೊಂಡ ಸರಕಿನ ತೆರಿಗೆ ವಾಪಸ್ ಕೇಳುವಂತಿಲ್ಲ.

ಆ ನೋಟಿಸುಗಳಲ್ಲಿ ಜನರಿಗೆ ತಲೆನೋವಾದದ್ದು ಇನ್ನೊಂದು. ಅಂಗಡಿಯ ಕ್ಯೂಆರ್‌ಗೆ ಚೀಟಿ ದುಡ್ಡು, ಕೈಗಡ, ಮಗಳ ಕಾಲೇಜು ಫೀ ಎಲ್ಲಾ ಬಂದಿದ್ದರೆ ಯಾವುದು ವ್ಯಾಪಾರ ಎಂದು ತೋರಿಸುವುದು ಕಷ್ಟ. ಅಂಗಡಿಗೆ ಬೇರೆ ಖಾತೆ, ಬೇರೆ ಕ್ಯೂಆರ್. ಇವತ್ತೇ ಮಾಡಿ.

ಗಿರಾಕಿ_ದೇವರು

ಕೊಳ್ಳುವವರ ಕಡೆಯ ಲೆಕ್ಕವೂ ಬರಲಿ.

ಎಟಿಎಂ: ತಿಂಗಳಿಗೆ ಸ್ವಂತ ಬ್ಯಾಂಕಿನದರಲ್ಲಿ ಐದು ವ್ಯವಹಾರ ಉಚಿತ. ಬೇರೆ ಬ್ಯಾಂಕಿನದರಲ್ಲಿ ಬೆಂಗಳೂರಿನಂಥ ಮಹಾನಗರದಲ್ಲಿ ಮೂರು, ಉಳಿದ ಊರುಗಳಲ್ಲಿ ಐದು. ಬ್ಯಾಲೆನ್ಸ್ ನೋಡಿದ್ದೂ ಎಣಿಕೆಗೆ ಸೇರುತ್ತದೆ. ಆಮೇಲೆ 2025ರ ಮೇ 1ರಿಂದ ಗರಿಷ್ಠ 23 ರೂ. ಮತ್ತು ಜಿಎಸ್‌ಟಿ, ಅಂದರೆ 27 ರೂ. 14 ಪೈಸೆ. 500 ರೂ. ತೆಗೆದರೆ ಅದು 5.4%. 5,000 ತೆಗೆದರೆ ಅರ್ಧ ಪರ್ಸೆಂಟು. ‘ನಗದೇ ಪುಕ್ಕಟೆ’ ಅನ್ನುವವರು ಐನೂರು ಐನೂರು ತೆಗೆಯುವುದನ್ನು ಬಿಟ್ಟರೆ ಸಾಕು.

ಪೆಟ್ರೋಲ್ ಬಂಕ್: ಕ್ರೆಡಿಟ್ ಕಾರ್ಡಿಗೆ 1% ಸರ್‌ಚಾರ್ಜ್. ಅನೇಕ ಕಾರ್ಡುಗಳಲ್ಲಿ ಅದು ವಾಪಸ್ ಬರುತ್ತದೆ, ಅದರ ಮೇಲಿನ ಜಿಎಸ್‌ಟಿ ಬರುವುದಿಲ್ಲ. 3,000 ಹಾಕಿಸಿದರೆ 30 ರೂ. ವಾಪಸ್, 5 ರೂ. 40 ಪೈಸೆ ಹೋದದ್ದು ಹೋಯಿತು.

ರೈಲು ಟಿಕೆಟ್: ಐಆರ್‌ಸಿಟಿಸಿಯಲ್ಲಿ ಕಾರ್ಡಿನಿಂದ ಕೊಟ್ಟರೆ ಎಸಿ ಅಲ್ಲದ ತರಗತಿಗೆ 15, ಎಸಿಗೆ 30. ಯುಪಿಐ ಆದರೆ 10 ಮತ್ತು 20. ಎಲ್ಲದಕ್ಕೂ ಮೇಲೆ ಜಿಎಸ್‌ಟಿ.

‘ನೋ ಕಾಸ್ಟ್ ಇಎಂಐ’ ಅನ್ನುವುದು ಹೆಸರಿಗೆ ಮಾತ್ರ. 30,000ದ ಫೋನ್, ಆರು ಕಂತು, 15% ಬಡ್ಡಿ ಅಂದುಕೊಳ್ಳಿ. ಬಡ್ಡಿಯ 1,270 ರೂ.ಯನ್ನು ಮೊದಲೇ ರಿಯಾಯಿತಿಯಾಗಿ ಕಳೆದು 28,730ಕ್ಕೆ ಸಾಲ ಮಾಡುತ್ತಾರೆ. ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ, 229 ರೂ., ನೀವೇ ಕಟ್ಟಬೇಕು. ಸಂಸ್ಕರಣ ಶುಲ್ಕ 199 ಇದ್ದರೆ ತೆರಿಗೆ ಸೇರಿ 235. ಒಟ್ಟು 464. ಒಂದೇ ಸಲ ಕೊಡುವವರು ಆ 1,270ನ್ನೇ ರಿಯಾಯಿತಿಯಾಗಿ ಕೇಳಬಹುದು. ಕೇಳುವವರು ಕಡಿಮೆ.

ಕ್ರೆಡಿಟ್ ಕಾರ್ಡಿನ ದೊಡ್ಡ ಗುಂಡಿ ಬೇರೆಯೇ. 20,000 ಬಿಲ್ಲಿಗೆ 19,000 ಕಟ್ಟಿದರೆ ಬಡ್ಡಿ ಬರೀ 1,000ಕ್ಕೆ ಎಂದುಕೊಳ್ಳುತ್ತಾರೆ. ಪೂರ್ತಿ ಕಟ್ಟದಿದ್ದರೆ ಬಡ್ಡಿರಹಿತ ಅವಧಿಯೇ ರದ್ದು. ಖರೀದಿಯ ದಿನದಿಂದ ಬಡ್ಡಿ ಓಡುತ್ತದೆ. ತಿಂಗಳಿಗೆ 3.5% ದರದಲ್ಲಿ, ಕಟ್ಟುವ ತನಕ ಸರಾಸರಿ 40 ದಿನ ಆಗಿದ್ದರೆ 20,000ಕ್ಕೆ ಸುಮಾರು 920 ರೂ., ಜಿಎಸ್‌ಟಿ ಸೇರಿ 1,086. ಉಳಿಸಿಕೊಂಡ ಸಾವಿರಕ್ಕಿಂತ ಹೆಚ್ಚು! ಹೊಸ ಖರೀದಿಗಳಿಗೂ ಮೊದಲ ದಿನದಿಂದಲೇ ಬಡ್ಡಿ. ಆ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದಂತೂ ಬೇಡವೇ ಬೇಡ. ಶುಲ್ಕ ಬೇರೆ, ಅವತ್ತಿನಿಂದಲೇ ಬಡ್ಡಿ ಬೇರೆ.

ಚಿಕ್ಕಪೇಟೆ_ಬಿಲ್ಲು

ಕಾರ್ಡ್ ಕೊಟ್ಟರೆ ‘2% ಎಕ್ಸ್‌ಟ್ರಾ’ ಕೇಳುವುದು ಸರಿಯೇ? ಎಲೆಕ್ಟ್ರಾನಿಕ್ಸ್, ಚಿನ್ನದ ಅಂಗಡಿಗಳಲ್ಲಿ ಮಾಮೂಲಾಗಿದೆ.

ಸ್ವೈಪ್_ರಿಪೇರಿ

ಡೆಬಿಟ್ ಕಾರ್ಡಿಗೆ ಕೇಳುವಂತಿಲ್ಲ, ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ರುಪೇ ಡೆಬಿಟ್‌ಗೆ ಕೇಳಿದರೆ ಅದು ಶುದ್ಧ ಲಾಭ, ಏಕೆಂದರೆ ಅಂಗಡಿಯವರು ಬ್ಯಾಂಕಿಗೆ ಏನೂ ಕೊಡುತ್ತಿಲ್ಲ. ಕ್ರೆಡಿಟ್ ಕಾರ್ಡಿನ ಶುಲ್ಕಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಇಲ್ಲ. ಆದರೆ ಮಷಿನ್ ಕೊಡುವಾಗಿನ ಒಪ್ಪಂದದಲ್ಲಿ ಗಿರಾಕಿಯಿಂದ ಹೆಚ್ಚುವರಿ ವಸೂಲಿ ಮಾಡಬಾರದು ಎಂಬ ಷರತ್ತು ಸಾಮಾನ್ಯ. ದೂರು ಕೊಡಬೇಕಾದದ್ದು ನಿಮ್ಮ ಕಾರ್ಡಿನ ಬ್ಯಾಂಕಿಗಲ್ಲ, ಮಷಿನ್ ಕೊಟ್ಟ ಬ್ಯಾಂಕಿಗೆ. ಸ್ಲಿಪ್ಪಿನ ತಲೆಯಲ್ಲಿ ಅದರ ಹೆಸರಿರುತ್ತದೆ, ಕೆಳಗೆ ಎಂಐಡಿ (ಅಂಗಡಿಯ ಗುರುತು), ಟಿಐಡಿ (ಮಷಿನ್ನಿನ ಗುರುತು) ಸಂಖ್ಯೆ. ಆ ಎರಡು ಸಂಖ್ಯೆ ಮತ್ತು 2% ಸೇರಿಸಿದ ಬಿಲ್ಲು ಇಲ್ಲದೆ ದೂರು ಮುಂದೆ ಹೋಗುವುದಿಲ್ಲ.

‘ನಗದು ಕೊಟ್ಟರೆ 2% ಕಡಿಮೆ’ ಅನ್ನುವುದು ಬೇರೆ ಮಾತು. ಪರಿಣಾಮ ಒಂದೇ ಆದರೂ ಅದು ರಿಯಾಯಿತಿ.

ತುಮಕೂರು_ದಿನಸಿ

ರೀಚಾರ್ಜ್ ಮಾಡುತ್ತೇವೆ. ಆ ವಿಷಯ ಗೊತ್ತಿರಲಿಲ್ಲ, ಲೆಕ್ಕಪರಿಶೋಧಕರನ್ನು ಕೇಳುತ್ತೇನೆ. ಹಾಗಾದರೆ ಯುಪಿಐ ಒಂದೇ ನಿಜವಾಗಿ ಉಚಿತವೇ?

ಸ್ವೈಪ್_ರಿಪೇರಿ

ಬ್ಯಾಂಕ್ ಖಾತೆಯಿಂದ ಬರುವ ಯುಪಿಐಗೆ ಶುಲ್ಕ ಇಲ್ಲ. ಆದರೆ ಅದರ ಸುತ್ತ ಖರ್ಚಿದೆ.

‘ಹಣ ಬಂದಿದೆ’ ಎನ್ನುವ ಸ್ಪೀಕರ್ ಡಬ್ಬಿಗೆ ತಿಂಗಳಿಗೆ ಸುಮಾರು 100ರಿಂದ 125 ರೂ. ಬಾಡಿಗೆ. ಉಳಿಸಲು ಹೋಗಬೇಡಿ. ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಒಂದು ಕೇಜಿ ತುಪ್ಪ ಒಯ್ದರೆ ಐದಾರು ತಿಂಗಳ ಬಾಡಿಗೆ ಹೋಯಿತು. ಗಿರಾಕಿಯ ಫೋನಿನ ಹಸಿರು ಟಿಕ್ ಸಾಕ್ಷಿಯಲ್ಲ, ನಿಮ್ಮ ಡಬ್ಬಿಯ ದನಿ ಅಥವಾ ನಿಮ್ಮ ಆ್ಯಪ್‌ನ ಸಾಲು ಮಾತ್ರ ಸಾಕ್ಷಿ. ಬಾಗಿಲು ತೆಗೆದ ಕೂಡಲೇ ನಿಮ್ಮ ಫೋನಿನಿಂದಲೇ ಕ್ಯೂಆರ್ ಸ್ಕ್ಯಾನ್ ಮಾಡಿ ಯಾರ ಹೆಸರು ಬರುತ್ತದೆ ನೋಡಿ. ರಾತ್ರಿ ಮೇಲೊಂದು ಬೇರೆ ಸ್ಟಿಕ್ಕರ್ ಅಂಟಿಸಿ ಹೋಗುವವರಿದ್ದಾರೆ. ಹಣ ಪಡೆಯಲು ಪಿನ್ ಒತ್ತುವ ಸಂದರ್ಭವೇ ಇಲ್ಲ, ಕೌಂಟರಿನ ಹುಡುಗರಿಗೆ ಇದನ್ನು ಕಲಿಸಿ.

ಯುಪಿಐಯಲ್ಲಿ ಎರಡು ಕಡೆ ಶುಲ್ಕ ಒಳನುಸುಳುತ್ತದೆ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಕೊಟ್ಟರೆ ಚಿಕ್ಕ ವ್ಯಾಪಾರಿಗೆ 2,000 ರೂ.ವರೆಗೆ ಶುಲ್ಕವಿಲ್ಲ, ದಾಟಿದರೆ ಇದೆ. ವ್ಯಾಲೆಟ್‌ನಿಂದ 2,000 ದಾಟಿ ಬಂದರೂ 2023ರ ಏಪ್ರಿಲ್‌ನಿಂದ 1.1%ವರೆಗೆ ವಿನಿಮಯ ಶುಲ್ಕ (ಪಾವತಿ ಸಂಸ್ಥೆಗಳ ನಡುವಿನ ಶುಲ್ಕ) ಇದೆ, ಅದನ್ನು ಗಿರಾಕಿಯಿಂದ ಪಡೆಯುವುದಿಲ್ಲ. ತಿಂಗಳ ಸೆಟಲ್‌ಮೆಂಟ್ ವರದಿಯಲ್ಲಿ 2,000 ಮೇಲ್ಪಟ್ಟ ಸಾಲುಗಳನ್ನಷ್ಟೇ ನೋಡಿದರೆ ಸಿಕ್ಕಿಬೀಳುತ್ತದೆ.

ಬೇಕರಿ_ಹಾಸನ

ಗಿರಾಕಿಯ ಖಾತೆಯಿಂದ ಹೋಗಿದೆ, ನಮಗೆ ಬಂದಿಲ್ಲ. ಆಗ ಏನು?

ಕೌಂಟರ್_3

ಗಿರಾಕಿಯ ಹತ್ತಿರ 12 ಅಂಕಿಯ ಯುಟಿಆರ್ (ಆ ವ್ಯವಹಾರದ ಗುರುತು) ಸಂಖ್ಯೆ ಬರೆಸಿಕೊಳ್ಳಿ. ಅಂಗಡಿಗೆ ಮಾಡಿದ ಯುಪಿಐ ಆಗಲಿ, ಮಷಿನ್‌ನಲ್ಲಿ ಉಜ್ಜಿದ ಕಾರ್ಡ್ ಆಗಲಿ, ಎಟಿಎಂ ನೋಟು ಕೊಡದೆ ಕಳೆದದ್ದಾಗಲಿ, ವ್ಯವಹಾರದ ದಿನದ ನಂತರ ಐದು ದಿನದೊಳಗೆ ತಾನಾಗಿ ಸರಿಯಾಗಬೇಕು. ತಡವಾದರೆ ದಿನಕ್ಕೆ 100 ರೂ. ಪರಿಹಾರ. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಯುಪಿಐಗೆ ಒಂದೇ ದಿನ. ಬ್ಯಾಂಕು ತಾನಾಗಿ ಪರಿಹಾರ ಕೊಡಬೇಕೆಂದು 2019ರ ನಿಯಮ. ಕೊಡದಿದ್ದರೆ ದೂರಿನಲ್ಲಿ ದಿನ ಎಣಿಸಿ ಮೊತ್ತ ಬರೆದು ಕೇಳಿ.

ನಗದಿಗೆ ಈ ಸೌಲಭ್ಯ ಇಲ್ಲ. ಖೋಟಾ ನೋಟು ಬಂದರೆ ಪೂರ್ತಿ ನಷ್ಟ ಹಿಡಿದುಕೊಂಡವರದ್ದು. ಬ್ಯಾಂಕು ಅದಕ್ಕೆ ಠಸ್ಸೆ ಒತ್ತಿ ಜಪ್ತಿ ಮಾಡುತ್ತದೆ, ರಸೀದಿ ಕೊಡುತ್ತದೆ, ದುಡ್ಡು ಕೊಡುವುದಿಲ್ಲ. ಒಂದೇ ಸಲ ನಾಲ್ಕು ನೋಟಿನವರೆಗೆ ತಿಂಗಳ ವರದಿಯಲ್ಲಿ ಪೊಲೀಸರಿಗೆ ಹೋಗುತ್ತದೆ. ಐದು ಅಥವಾ ಹೆಚ್ಚಿದ್ದರೆ ಎಫ್‌ಐಆರ್. ಅನುಮಾನದ ನೋಟನ್ನು ಬೇರೆಯವರಿಗೆ ದಾಟಿಸುವುದು ಅಪರಾಧ.

ಕೌಂಟರಿನಲ್ಲಿ 500ರ ನೋಟಿಗೆ ಮೂರು ಸೆಕೆಂಡು ಸಾಕು. ಅಂಚಿನ ಓರೆ ಗೆರೆಗಳನ್ನು ಹೆಬ್ಬೆರಳಿನಿಂದ ಸವರಿ: ಐದು ಉಬ್ಬು ಗೆರೆ ತಗಲಬೇಕು. 200ರಲ್ಲಿ ನಾಲ್ಕು ಗೆರೆ, ನಡುವೆ ಎರಡು ಸೊನ್ನೆ. ಆಮೇಲೆ ನೋಟು ಓರೆ ಮಾಡಿ, ಭದ್ರತಾ ಎಳೆ ಹಸಿರಿನಿಂದ ನೀಲಿಗೆ ತಿರುಗಬೇಕು.

ಹರಿದ ನೋಟಿಗೆ ಹೆದರಬೇಡಿ. 20 ರೂ.ವರೆಗಿನ ನೋಟಿನ ಅರ್ಧಕ್ಕಿಂತ ಹೆಚ್ಚು ಒಂದೇ ತುಂಡಿನಲ್ಲಿದ್ದರೆ ಪೂರ್ಣ ಬೆಲೆ. 50 ಮತ್ತು ಮೇಲಿನದಕ್ಕೆ 80% ದಾಟಿದ್ದರೆ ಪೂರ್ಣ, 40ರಿಂದ 80% ಇದ್ದರೆ ಅರ್ಧ ಬೆಲೆ.

ಹುಬ್ಬಳ್ಳಿ_ಗಲ್ಲಾ

ಹತ್ತರ ನಾಣ್ಯ ಯಾರೂ ತಗೊಳ್ಳಂಗಿಲ್ರೀ. ಡಬ್ಬಿ ತುಂಬ ಅದಾವ. ಅದಕ್ಕೇನ ಮಾಡೂದು?

ಕೌಂಟರ್_3

ಎಲ್ಲಾ ವಿನ್ಯಾಸದ 10 ರೂ. ನಾಣ್ಯವೂ ಚಲಾವಣೆಯಲ್ಲಿದೆ. ರೂಪಾಯಿ ಚಿಹ್ನೆ ಇದ್ದದ್ದು ಅಸಲಿ, ಇಲ್ಲದ್ದು ನಕಲಿ ಎಂಬುದು ಬರೀ ಗಾಳಿಮಾತು. 14 ವಿನ್ಯಾಸಗಳೂ ಸಾಚಾ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಪ್ರಕಟಿಸಿದೆ. ಒಂದು ರೂಪಾಯಿ ಮತ್ತು ಮೇಲಿನ ನಾಣ್ಯ ಒಂದು ಪಾವತಿಗೆ 1,000 ರೂ.ವರೆಗೆ ಕಾನೂನುಬದ್ಧ. ನೂರು ನಾಣ್ಯದ ಪ್ಲಾಸ್ಟಿಕ್ ಪೊಟ್ಟಣ ಕಟ್ಟಿ, ಮೇಲೆ ಮೊತ್ತ ಬರೆದು ತನ್ನಿ. ತಿಂಗಳ ಮೊದಲ ವಾರ ಬಿಟ್ಟು ಮಧ್ಯಾಹ್ನ ಬಂದರೆ ಎಣಿಸಲು ಕೈ ಖಾಲಿ ಇರುತ್ತದೆ.

ತುಮಕೂರು_ದಿನಸಿ

ಬಾಡಿಗೆ ಇಲ್ಲದ ಫೋನ್ ಆ್ಯಪ್ ಮೂರು ತಿಂಗಳು ನೋಡುತ್ತೇನೆ. ಕಾರ್ಡ್ ಸ್ಲಿಪ್ ಎಷ್ಟು ದಿನ ಇಟ್ಟುಕೊಳ್ಳಬೇಕು?

ಸ್ವೈಪ್_ರಿಪೇರಿ

ಫೋನ್ ಆ್ಯಪ್‌ನಲ್ಲಿ ಸ್ಲಿಪ್ ಇರುವುದಿಲ್ಲ, ವರದಿಯನ್ನು ತಿಂಗಳಿಗೊಮ್ಮೆ ಇಳಿಸಿಕೊಳ್ಳಿ. ಮುಂದೆ ಮಷಿನ್ ಬಂದರೆ ಸ್ಲಿಪ್ಪಿನ ಫೋಟೊ ಅವತ್ತೇ ತೆಗೆದಿಡಿ. ಥರ್ಮಲ್ ಕಾಗದ ಬಿಸಿಲಿಗೆ, ಪ್ಲಾಸ್ಟಿಕ್ ಕವರಿಗೆ ಕೆಲವೇ ತಿಂಗಳಲ್ಲಿ ಬೆಳ್ಳಗಾಗುತ್ತದೆ. ಗಿರಾಕಿ ‘ನಾನು ಕೊಂಡಿಲ್ಲ’ ಎಂದು ತಕರಾರು ಹಾಕಿದರೆ ಬ್ಯಾಂಕು ಆ ಸ್ಲಿಪ್ ಕೇಳುತ್ತದೆ, ಗಡುವಿನೊಳಗೆ ಕೊಡದಿದ್ದರೆ ನಿಮ್ಮ ಖಾತೆಯಿಂದ ಕಳೆಯುತ್ತದೆ. ಸರಕು ವಾಪಸ್ ಬಂದರೆ ಅದೇ ಕಾರ್ಡಿಗೆ ಹಿಂತಿರುಗಿಸಿ, ಗಲ್ಲಾದಿಂದ ನಗದು ಕೊಡಬೇಡಿ. ಅವತ್ತೇ ಆದರೆ, ರಾತ್ರಿ ಸೆಟಲ್‌ಮೆಂಟ್ ಒತ್ತುವ ಮುಂಚೆ ‘ವಾಯ್ಡ್’ (ರದ್ದು) ಮಾಡಿ. ಮರುದಿನ ‘ರೀಫಂಡ್’ ಮಾಡಿದರೆ ಮೊದಲ ಸಲ ಕಡಿತವಾದ ಶುಲ್ಕ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.